ಗಾಳಿಯ ಒಂದು ಕಂಬದಿಂದ ಇಡೀ ಭೂಗೋಳಕ್ಕೆ: ಸ್ಯುಕುರೊ ಮನಾಬೆ ಕಟ್ಟಿದ ಲೆಕ್ಕ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿ ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಎಂಬ ಪ್ರಶ್ನೆಗೆ 1960ರ ದಶಕದ ಆರಂಭದವರೆಗೂ ಒಬ್ಬೊಬ್ಬರದು ಒಂದೊಂದು ಉತ್ತರವಾಗಿತ್ತು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ 5ರಿಂದ 6 ಡಿಗ್ರಿ ಎಂದಿದ್ದರು. ಇಂಗ್ಲೆಂಡಿನ ಗೈ ಕ್ಯಾಲೆಂಡರ್ 1938ರಲ್ಲಿ 2 ಡಿಗ್ರಿ ಎಂದರು. 1963ರಲ್ಲಿ ಜರ್ಮನಿಯ ಫ್ರಿಟ್ಜ್ ಮೊಲ್ಲರ್ ಲೆಕ್ಕ ಹಾಕಿದಾಗ ಉತ್ತರ 10 ಡಿಗ್ರಿಯ ಹತ್ತಿರ ಬಂತು. ಅದೇ ಲೆಕ್ಕದಲ್ಲಿ ಮೋಡವನ್ನು ತುಸು ಹೆಚ್ಚಿಸಿದರೆ ಆ ಬಿಸಿಯೆಲ್ಲ ಇಲ್ಲವಾಗುತ್ತಿತ್ತು. ಎಡವಟ್ಟು ಎಲ್ಲಿದೆ ಎಂದು ಹುಡುಕಿ ಹಿಡಿದವರು ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ.

ಮೊಲ್ಲರ್ ನೆಲದ ಮಟ್ಟದಲ್ಲಿ ಜಮಾಖರ್ಚು ಬರೆದಿದ್ದರು: ನೆಲಕ್ಕೆ ಬರುವ ವಿಕಿರಣ ಎಷ್ಟು, ಹೋಗುವುದು ಎಷ್ಟು. ಆದರೆ ನೆಲ ಶಾಖ ಕಳೆದುಕೊಳ್ಳುವುದು ವಿಕಿರಣದಿಂದ ಮಾತ್ರವಲ್ಲ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ; ಜೊತೆಗೆ ಹೋದ ನೀರಾವಿ ಎತ್ತರದಲ್ಲಿ ಹನಿಗಟ್ಟುವಾಗ ತನ್ನ ಶಾಖವನ್ನು ಅಲ್ಲಿ ಬಿಡುತ್ತದೆ. ಹೀಗೆ ನೆಲವೂ ಅದರ ಮೇಲಿನ ಸುಮಾರು ಹತ್ತು ಕಿಲೋಮೀಟರ್ ಗಾಳಿಯೂ ಒಟ್ಟಿಗೇ ಕಾಯುತ್ತವೆ, ಒಟ್ಟಿಗೇ ತಣಿಯುತ್ತವೆ. ಬಾಹ್ಯಾಕಾಶದ ಜೊತೆಗಿನ ಕೊಡುಕೊಳ್ಳುವಿಕೆ ಮಾತ್ರ ಪೂರ್ತಿ ವಿಕಿರಣದ್ದು. ಆದ್ದರಿಂದ ಲೆಕ್ಕ ತಾಳೆಯಾಗಬೇಕಾದ್ದು ವಾತಾವರಣದ ನೆತ್ತಿಯಲ್ಲಿ, ನೆಲದಲ್ಲಲ್ಲ. ಇಂದಿನ ವಾಯುಗುಣ ವಿಜ್ಞಾನವೆಲ್ಲ ನಿಂತಿರುವುದು ಈ ತಿದ್ದುಪಡಿಯ ಮೇಲೆ ಎಂದರೆ ಹೆಚ್ಚಾಗದು.

ಮನಾಬೆ ಹುಟ್ಟಿದ್ದು 1931ರಲ್ಲಿ, ಜಪಾನಿನ ಶಿಕೊಕು ದ್ವೀಪದ ಎಹಿಮೆ ಪ್ರಾಂತ್ಯದ ಹಳ್ಳಿಯಲ್ಲಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದ ಅವರನ್ನು 1958ರಲ್ಲಿ ಅಮೆರಿಕದ ಹವಾಮಾನ ಇಲಾಖೆಯ ಜೋಸೆಫ್ ಸ್ಮಗೊರಿನ್‌ಸ್ಕಿ ವಾಷಿಂಗ್ಟನ್ನಿಗೆ ಕರೆಸಿಕೊಂಡರು. ಭೂಮಿಯ ಇಡೀ ವಾತಾವರಣದ ಚಲನೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಆ ಸಣ್ಣ ತಂಡದ ಗುರಿ. ತಂಡವೇ ಮುಂದೆ ಭೂಭೌತಿಕ ದ್ರವಚಲನ ಪ್ರಯೋಗಾಲಯವಾಗಿ 1968ರಲ್ಲಿ ಪ್ರಿನ್ಸ್‌ಟನ್ನಿಗೆ ಹೋಯಿತು.

ಇಡೀ ಭೂಗೋಳಕ್ಕೆ ಕೈಹಾಕುವ ಮೊದಲು ಮನಾಬೆ ಮತ್ತು ರಾಬರ್ಟ್ ಸ್ಟ್ರಿಕ್ಲರ್ ಗಾಳಿಯ ಒಂದೇ ಒಂದು ಕಂಬವನ್ನು ಎತ್ತಿಕೊಂಡರು. 1964ರಲ್ಲಿ ಪ್ರಕಟವಾದ ಆ ಕೆಲಸದ ಕ್ರಮ ಹೀಗಿದೆ. ಕಂಬವನ್ನು ಪದರಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಒಂದು ಆರಂಭಿಕ ಉಷ್ಣಾಂಶ ಕೊಡಬೇಕು. ನೀರಾವಿ, ಡೈಆಕ್ಸೈಡ್, ಓಜೋನ್ ಹೀರುವ ಬಿಸಿಲು ಮತ್ತು ಅವು ಹೀರಿ ಸೂಸುವ ಅವಗೆಂಪು ವಿಕಿರಣವನ್ನು ಕೂಡಿ ಕಳೆದು, ಯಾವ ಪದರ ಎಷ್ಟು ಕಾದಿತು, ಎಷ್ಟು ತಣಿಯಿತು ಎಂದು ನೋಡಿ ಉಷ್ಣಾಂಶ ಬದಲಿಸಬೇಕು. ಆಮೇಲೆ ಕೆಳಗಿನಿಂದ ಮೇಲಕ್ಕೆ ಪರೀಕ್ಷೆ: ಒಂದು ಕಿಲೋಮೀಟರ್ ಏರಿಕೆಗೆ 6.5 ಡಿಗ್ರಿಗಿಂತ ಹೆಚ್ಚು ಇಳಿಕೆ ಎಲ್ಲಿ ಕಂಡರೂ ಆ ಪದರಗಳನ್ನು ಬೆರೆಸಿ 6.5ಕ್ಕೆ ತಂದು ನಿಲ್ಲಿಸಬೇಕು, ಆದರೆ ಒಟ್ಟು ಶಾಖ ಒಂದಿಷ್ಟೂ ಹೆಚ್ಚುಕಡಿಮೆಯಾಗಬಾರದು. ನೆತ್ತಿಯಲ್ಲಿ ಒಳಬರುವುದೂ ಹೊರಹೋಗುವುದೂ ಸಮವಾಗುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಬೇಕು.

ಬೆರೆಸುವ ಹೆಜ್ಜೆಯನ್ನು ಬಿಟ್ಟರೆ ನೆಲದ ಉಷ್ಣಾಂಶ ಸುಮಾರು 332 ಕೆಲ್ವಿನ್, ಅಂದರೆ 59 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಬೆರೆಸಿದರೆ ಸುಮಾರು 300 ಕೆಲ್ವಿನ್. ಮೋಡವಿಲ್ಲದ ಆಕಾಶಕ್ಕೆ ಹಾಕಿದ ಲೆಕ್ಕ ಇದು. 6.5 ಎಂಬುದು ಯಾವುದೇ ಸಿದ್ಧಾಂತದಿಂದ ಇಳಿದು ಬಂದದ್ದಲ್ಲ, ವಾತಾವರಣದ ಕೆಳಭಾಗದಲ್ಲಿ ಅಳೆದಾಗ ಸಿಗುವ ಸರಾಸರಿ. ಗುಡುಗುಮೋಡದ ಒಳಗಿನ ಸುಳಿಗಳನ್ನೆಲ್ಲ ಬಿಡಿಸುತ್ತ ಕೂತಿದ್ದರೆ ಆಗಿನ ಕಂಪ್ಯೂಟರಿನಲ್ಲಿ ಕೆಲಸ ಮುಗಿಯುತ್ತಲೇ ಇರಲಿಲ್ಲ. ಯಾವುದನ್ನು ಒಂದೇ ಸಂಖ್ಯೆಗೆ ಇಳಿಸಬಹುದು, ಯಾವುದನ್ನು ಬಿಡಲೇಬಾರದು ಎಂಬ ಈ ವಿವೇಕವೇ ಮನಾಬೆ ಅವರ ನಿಜವಾದ ಪ್ರತಿಭೆ.

ರಿಚರ್ಡ್ ವೆದರಾಲ್ಡ್ ಜೊತೆ 1967ರಲ್ಲಿ ಬರೆದ ಪ್ರಬಂಧದಲ್ಲಿ ಇನ್ನೊಂದು ಹೆಜ್ಜೆ ಸೇರಿತು. ಬೆಚ್ಚಗಿನ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಋತು ಬದಲಾದರೂ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವುದರ ಶೇಕಡಾ) ಹೆಚ್ಚೇನೂ ಬದಲಾಗುವುದಿಲ್ಲ ಎಂಬುದು ಅಳತೆಗಳಿಂದ ತಿಳಿದಿತ್ತು. ಹಾಗಾಗಿ ಆರ್ದ್ರತೆಯ ಶೇಕಡಾವನ್ನು ಸ್ಥಿರವಾಗಿಟ್ಟು, ಉಷ್ಣಾಂಶ ಬದಲಾದಾಗಲೆಲ್ಲ ನೀರಾವಿಯ ಪ್ರಮಾಣವನ್ನು ಹೊಸದಾಗಿ ಲೆಕ್ಕ ಹಾಕಿದರು. ಡೈಆಕ್ಸೈಡನ್ನು ದಶಲಕ್ಷಕ್ಕೆ 300 ಭಾಗದಿಂದ 600ಕ್ಕೆ ಏರಿಸಿದಾಗ ನೆಲ 2.36 ಡಿಗ್ರಿ ಬಿಸಿಯಾಯಿತು. ನೀರಾವಿಯ ಪ್ರಮಾಣವನ್ನೇ ಬದಲಾಗದಂತೆ ಕಟ್ಟಿಹಾಕಿದರೆ ಏರಿಕೆ ಬರೀ 1.33 ಡಿಗ್ರಿ. ಎರಡರ ನಡುವಿನ ಅಂತರ ನೀರಾವಿಯ ಕೊಡುಗೆ.

ಅದೇ ಲೆಕ್ಕದಲ್ಲಿ ಸಮೋಷ್ಣ ಮಂಡಲ, ಅಂದರೆ ಓಜೋನ್ ಇರುವ ಮೇಲಿನ ಪದರ, ತಣ್ಣಗಾಯಿತು. ಅಲ್ಲಿ ಓಜೋನ್ ಬಿಸಿಲು ಹೀರಿ ಕಾಯಿಸುತ್ತದೆ, ಡೈಆಕ್ಸೈಡ್ ಆ ಶಾಖವನ್ನು ಬಾಹ್ಯಾಕಾಶಕ್ಕೆ ಸೂಸಿ ತಣಿಸುತ್ತದೆ. ಸೂಸುವ ಅನಿಲ ಹೆಚ್ಚಿದಷ್ಟೂ ತಂಪು ಹೆಚ್ಚು. ಸೂರ್ಯನೇ ಪ್ರಖರನಾಗಿದ್ದರೆ ಮೇಲೂ ಕೆಳಗೂ ಎರಡೂ ಕಡೆ ಬಿಸಿಯಾಗಬೇಕಿತ್ತು. ಮುಂದೆ ಬಲೂನು ಮತ್ತು ಉಪಗ್ರಹಗಳ ಅಳತೆಯಲ್ಲಿ ಕೆಳಗೆ ಬಿಸಿ, ಮೇಲೆ ತಂಪು ಎಂಬ ಜೋಡಿ ಗುರುತು ಕಂಡಾಗ ಕಾರಣ ಸೂರ್ಯನಲ್ಲ ಎಂದು ಹೇಳಲು ಇದೇ ಬಲವಾದ ಸಾಕ್ಷಿಯಾಯಿತು.

ಈ ನಡುವೆ ಇಡೀ ವಾತಾವರಣವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಮೂರು ಆಯಾಮದ ಮಾದರಿಯೂ ಬೆಳೆಯುತ್ತಿತ್ತು. 1965ರ ಹೊತ್ತಿಗೆ ಅದಕ್ಕೆ ಒಂಬತ್ತು ಮಟ್ಟಗಳಿದ್ದವು, ಆವಿಯಾಗುವಿಕೆ ಮತ್ತು ಮಳೆ ಸೇರಿದ್ದವು. ನೆಲದ ತೇವಕ್ಕೆ ಮನಾಬೆ ಕೊಟ್ಟ ಉಪಾಯ ‘ಬಕೆಟ್’. ಮಾದರಿಯಲ್ಲಿ ನೆಲವನ್ನು ಹಂಚಿದ ಪ್ರತಿ ಚೌಕದಲ್ಲೂ 15 ಸೆಂಟಿಮೀಟರ್ ನೀರು ಹಿಡಿಯುವ ಒಂದು ಬಕೆಟ್ ಇದೆ ಎಂದುಕೊಳ್ಳಿ. ಮಳೆ ಅದನ್ನು ತುಂಬುತ್ತದೆ, ತುಂಬಿ ಚೆಲ್ಲಿದ್ದು ಹೊಳೆಗೆ. ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಿದ್ದರೆ ಆವಿಯಾಗುವಿಕೆಗೆ ತಡೆಯಿಲ್ಲ, ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಇಳಿಕೆ. ಗಿಡಗಳು ಎಲೆಯ ರಂಧ್ರ ಮುಚ್ಚಿ ನೀರು ಉಳಿಸುವುದು ಇದರಲ್ಲಿಲ್ಲ, ಹಾಗಾಗಿ ಒದ್ದೆ ನೆಲದಿಂದ ಆವಿ ಅಗತ್ಯಕ್ಕಿಂತ ಬೇಗ ಹೋಗುತ್ತದೆ. ಆದರೂ ನೀರಿನ ಲೆಕ್ಕ ಎಲ್ಲೂ ಸೋರುವುದಿಲ್ಲ.

ಕಿರ್ಕ್ ಬ್ರಯಾನ್ ಅವರ ಸಾಗರ ಮಾದರಿಯನ್ನು 1969ರಲ್ಲಿ ಇದಕ್ಕೆ ಜೋಡಿಸಿದಾಗ ಎದುರಾದ ತೊಡಕು ಕಾಲದ್ದು. ವಾತಾವರಣ ಕೆಲವೇ ತಿಂಗಳಲ್ಲಿ ಹದಕ್ಕೆ ಬರುತ್ತದೆ, ಆಳ ಸಮುದ್ರಕ್ಕೆ ಶತಮಾನಗಳು ಬೇಕು. ಅದಕ್ಕಾಗಿ ವಾತಾವರಣದ ಒಂದು ವರ್ಷಕ್ಕೆ ಸಾಗರದ ನೂರು ವರ್ಷ ಹೊಂದಿಸಿ ಓಡಿಸಿದರು. ಭೂಗೋಳವನ್ನೂ ಕತ್ತರಿಸಿದರು: ಧ್ರುವದಿಂದ ಸಮಭಾಜಕ ವೃತ್ತದವರೆಗೆ 120 ರೇಖಾಂಶದಷ್ಟು ಅಗಲದ ತುಂಡು, ಅರ್ಧ ನೆಲ, ಅರ್ಧ ನೀರು.

1975ರಲ್ಲಿ ವೆದರಾಲ್ಡ್ ಜೊತೆ ಮಾಡಿದ ಮೂರು ಆಯಾಮದ ಪ್ರಯೋಗದಲ್ಲಿ ಡೈಆಕ್ಸೈಡ್ ಇಮ್ಮಡಿಗೆ ಸರಾಸರಿ ಏರಿಕೆ 2.93 ಡಿಗ್ರಿ ಬಂತು. ಹಿಮ ಕರಗಿ ಬಿಸಿಲು ಹೀರುವ ನೆಲ ಬಯಲಾಗುವುದರಿಂದ ಧ್ರುವದ ಕಡೆ ಅದು ಇನ್ನೂ ಹೆಚ್ಚು. ಅದೇ ವರ್ಷ ಡಗ್ಲಸ್ ಹಾನ್ ಜೊತೆ ಮಾಡಿದ ಮತ್ತೊಂದು ಪ್ರಯೋಗ ನಮ್ಮ ಮಳೆಗೆ ನೇರ ಸಂಬಂಧಿಸಿದ್ದು. ಮಾದರಿಯಿಂದ ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ ಸೇರಿದಂತೆ ಪರ್ವತಗಳನ್ನೆಲ್ಲ ಅಳಿಸಿದಾಗ ಬೇಸಿಗೆಯ ಕಡಿಮೆ ಒತ್ತಡದ ವಲಯ ದೂರ ಉತ್ತರಕ್ಕೂ ಪೂರ್ವಕ್ಕೂ ಸರಿದುಹೋಯಿತು. ಪರ್ವತಗಳಿದ್ದಾಗ ಅದು ದಕ್ಷಿಣ ಏಷ್ಯಾದ ಮೇಲೆಯೇ ಉಳಿಯಿತು.

ಅಮೆರಿಕದ ವಿಜ್ಞಾನ ಅಕಾಡೆಮಿಗಾಗಿ 1979ರಲ್ಲಿ ಜೂಲ್ ಚಾರ್ನಿ ಸಮಿತಿ ಮನಾಬೆ ಮತ್ತು ಜೇಮ್ಸ್ ಹ್ಯಾನ್ಸನ್ ಅವರ ಮಾದರಿಗಳನ್ನು ಪರಿಶೀಲಿಸಿ, ಇಮ್ಮಡಿ ಡೈಆಕ್ಸೈಡಿಗೆ 1.5ರಿಂದ 4.5 ಡಿಗ್ರಿ ಎಂಬ ವ್ಯಾಪ್ತಿ ಕೊಟ್ಟಿತು.

ಪೂರ್ಣ ಭೂಗೋಳದ ಜೋಡಿ ಮಾದರಿಯಲ್ಲಿ ಹೊಸ ತಲೆನೋವು ಕಾದಿತ್ತು. ಡೈಆಕ್ಸೈಡ್ ಮುಟ್ಟದಿದ್ದರೂ ಸಮುದ್ರದ ಉಷ್ಣಾಂಶ, ಉಪ್ಪಿನಂಶ ಮೆಲ್ಲಗೆ ವಾಸ್ತವದಿಂದ ದೂರ ಸರಿಯುತ್ತಿದ್ದವು; ಎರಡು ಮಾದರಿಗಳ ಸಣ್ಣ ದೋಷಗಳು ಕೂಡಿಕೊಂಡೇ ಹೋಗುತ್ತಿದ್ದವು. ಪರಿಹಾರವಾಗಿ ಸಮುದ್ರದ ಮೇಲ್ಮೈಯ ಪ್ರತಿ ಚೌಕಕ್ಕೂ ಋತುವಿಗೆ ತಕ್ಕಂತೆ ನಿಗದಿತ ಶಾಖ ಮತ್ತು ನೀರು ಸೇರಿಸಿದರು. ಈ ಒತ್ತುಗಂಬ ಹಲವರಿಗೆ ಹಿಡಿಸಲಿಲ್ಲ, ಅವರ ಆಕ್ಷೇಪದಲ್ಲಿ ಹುರುಳೂ ಇತ್ತು. ಆದರೆ ಸೇರಿಸಿದ ಪ್ರಮಾಣ ಡೈಆಕ್ಸೈಡ್ ಮುಟ್ಟದ ಮತ್ತು ಏರಿಸಿದ ಎರಡೂ ಓಟಗಳಲ್ಲಿ ಒಂದೇ ಇರುತ್ತಿದ್ದರಿಂದ ಅವುಗಳ ವ್ಯತ್ಯಾಸವನ್ನು ನಂಬಿಕೆಯಿಂದ ಓದಬಹುದಾಗಿತ್ತು. ರೊನಾಲ್ಡ್ ಸ್ಟೌಫರ್ ಮತ್ತು ಬ್ರಯಾನ್ ಜೊತೆ 1989ರಲ್ಲಿ ಡೈಆಕ್ಸೈಡನ್ನು ವರ್ಷಕ್ಕೆ ಶೇ 1ರಂತೆ ಏರಿಸುತ್ತ ಹೋದಾಗ (70 ವರ್ಷಕ್ಕೆ ಇಮ್ಮಡಿ) ಉತ್ತರ ಗೋಳಾರ್ಧದ ನೆಲ ಬೇಗ ಕಾಯಿತು. ಅಂಟಾರ್ಕ್ಟಿಕಾ ಸುತ್ತಲಿನ ಸಾಗರ ಶಾಖವನ್ನು ಆಳಕ್ಕೆ ಎಳೆದುಕೊಂಡು ತೀರ ನಿಧಾನವಾಗಿ ಬೆಚ್ಚಗಾಯಿತು. ನಂತರದ ದಶಕಗಳ ಅಳತೆಗಳೂ ಇದೇ ವಿನ್ಯಾಸವನ್ನು ತೋರಿಸಿದವು.

ಮನಾಬೆ 2021ರಲ್ಲಿ ಕ್ಲಾಸ್ ಹಾಸೆಲ್‌ಮನ್ ಮತ್ತು ಜಾರ್ಜಿಯೊ ಪ್ಯಾರಿಸಿ ಜೊತೆ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ಅದೇ ವರ್ಷ ವಿಶ್ವಸಂಸ್ಥೆಯ ವಾಯುಗುಣ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿ ಚಾರ್ನಿ ಸಮಿತಿಯ ವ್ಯಾಪ್ತಿಯನ್ನು 2.5ರಿಂದ 4 ಡಿಗ್ರಿಗೆ ಕಿರಿದುಗೊಳಿಸಿ, ನಡುವಿನ ಅಂದಾಜನ್ನು 3 ಡಿಗ್ರಿಯಲ್ಲೇ ಉಳಿಸಿತು. ಉಳಿದಿರುವ ಅನಿಶ್ಚಿತತೆಯ ದೊಡ್ಡ ಪಾಲು ಮೋಡಗಳದು. 1967ರಲ್ಲೂ 1975ರಲ್ಲೂ ಮನಾಬೆ ಬದಲಾಗಲು ಬಿಡದೆ ಸ್ಥಿರವಾಗಿ ಇಟ್ಟಿದ್ದು ಅವುಗಳನ್ನೇ.