ಗೊತ್ತಿದ್ದೂ ಸುಮ್ಮನಿದ್ದರೆ: ಮಠ, ಚರ್ಚು, ಮದರಸಾಗಳಿಗೆ ಪೋಕ್ಸೊ ಹೊರಿಸಿದ ಹೊಣೆ

ಧಾರ್ಮಿಕ ಸಂಸ್ಥೆಯ ಹಾಸ್ಟೆಲ್‌ನಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂದಾಗಲೆಲ್ಲ ಚರ್ಚೆ ಆರೋಪಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ವಾರ್ಡನ್, ಅಡುಗೆಯವರು, ಮ್ಯಾನೇಜರ್, ಟ್ರಸ್ಟಿಗಳ ಹೊಣೆ ಏನಿತ್ತು ಎಂಬುದು ಹಿಂದೆ ಸರಿಯುತ್ತದೆ. ಆದರೆ ಗೊತ್ತಾದದ್ದನ್ನು ಪೊಲೀಸರಿಗೆ ತಿಳಿಸುವ ಕೆಲಸವನ್ನು ಕಾನೂನು ಅವರಿಗೂ ಹಚ್ಚಿ ಹದಿಮೂರು ವರ್ಷ ದಾಟಿದೆ.

2012ರವರೆಗೆ ಇಂಥದೊಂದು ಹೊಣೆ ಇರಲೇ ಇಲ್ಲ. ಸಾರ್ವಜನಿಕರು ಪೊಲೀಸರಿಗೆ ತಿಳಿಸಲೇಬೇಕಾದ ಅಪರಾಧಗಳ ಪಟ್ಟಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 39ನೇ ಸೆಕ್ಷನ್‌ನಲ್ಲಿತ್ತು. ಕೊಲೆ, ದರೋಡೆಗೆ ಅದರಲ್ಲಿ ಜಾಗವಿತ್ತು, ಅತ್ಯಾಚಾರಕ್ಕೆ ಇರಲಿಲ್ಲ. ಅಮೆರಿಕದ ರಾಜ್ಯಗಳು 1960ರ ದಶಕದಲ್ಲೇ ವೈದ್ಯರಿಗೆ ವರದಿಯ ಹೊಣೆ ಹೊರಿಸಿದ್ದವು. ಧರ್ಮಗುರುಗಳ ಸರದಿ ಬಂದದ್ದು ಬಹಳ ತಡವಾಗಿ, ಚರ್ಚುಗಳ ಹಗರಣಗಳು ಒಂದೊಂದಾಗಿ ಬಯಲಾದ ಮೇಲೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನೂ ಹೇಳಬೇಕೇ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಆ ಜಗಳಕ್ಕೆ ಕಾಯ್ದೆ ಆಸ್ಪದವನ್ನೇ ಇಟ್ಟಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ 'ಯಾವುದೇ ವ್ಯಕ್ತಿ' ಎನ್ನುತ್ತದೆ. ಅಪರಾಧ ನಡೆದದ್ದು ಗೊತ್ತಾದರೆ, ಅಥವಾ ನಡೆದೀತೆಂಬ ಆತಂಕವಿದ್ದರೂ, ಸ್ಥಳೀಯ ಠಾಣೆಗೆ ಇಲ್ಲವೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಸ್ವಾಮೀಜಿ, ಪಾದ್ರಿ, ಮೌಲ್ವಿ ಯಾರಿಗೂ ವಿನಾಯಿತಿ ಇಲ್ಲ. ಸಾಕ್ಷ್ಯ ಕಾನೂನು ಕಕ್ಷಿದಾರ ಮತ್ತು ವಕೀಲರ ನಡುವಿನ ಗುಟ್ಟನ್ನು ಕಾಯುತ್ತದೆ; ಭಕ್ತ ಮತ್ತು ಗುರುವಿನ ನಡುವಿನದನ್ನು ಹಾಗೆ ಕಾಯುವುದಿಲ್ಲ.

ತಿಳಿಸದಿದ್ದರೆ 21(1)ರ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ 21(2)ರಡಿ ಒಂದು ವರ್ಷದವರೆಗೆ ಜೈಲು ಮತ್ತು ದಂಡ.

ಗಂಟು ಇರುವುದು ಈ 'ಕೈಕೆಳಗಿನವರು' ಎಂಬ ಮಾತಿನಲ್ಲೇ. ತಪ್ಪು ಕೆಳಗಿನವನದು, ತಿಳಿಸುವವನು ಮೇಲಿನವನು ಎಂದು ಕಾಯ್ದೆ ಎಣಿಸಿದೆ. ಕಂಪನಿಗೆ ಈ ಲೆಕ್ಕ ಸರಿ. ಪೀಠದಲ್ಲಿ ಕುಳಿತವರ ಮೇಲೆಯೇ ದೂರು ಬಂದರೆ? ಆಗ ಬಾಯಿ ಬಿಡಬೇಕಾದವರು ಅವರ ಅನ್ನ ಉಣ್ಣುವವರು, ಅವರ ಕಾಲಿಗೆ ಬೀಳುವವರು. 19ನೇ ಸೆಕ್ಷನ್ ಅವರನ್ನೂ ಬಿಟ್ಟಿಲ್ಲ, ನಿಜ. ಆದರೆ ಕೆಲಸ ಹೋದರೆ ಕಾಯುವವರು ಯಾರೂ ಇಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್, ಕ್ರಿಮಿನಲ್ ಕೇಸು ಹಾಕುವಂತಿಲ್ಲ ಎಂಬ 19(7)ರ ರಕ್ಷಣೆ ಕೋರ್ಟಿನೊಳಗೆ ನಡೆಯುತ್ತದೆ, ಹಾಸ್ಟೆಲ್‌ನ ಅಡುಗೆಮನೆಯಲ್ಲಲ್ಲ. ಪೀಠಾಧಿಪತಿ, ಟ್ರಸ್ಟ್ ಅಧ್ಯಕ್ಷ, ಆಡಳಿತಾಧಿಕಾರಿ ಮೂವರೂ ಇರುವಲ್ಲಿ 'ಮುಖ್ಯಸ್ಥ' ಯಾರೆಂಬ ಪ್ರಶ್ನೆಗೆ ಮೂವರೂ ಇನ್ನೊಬ್ಬರತ್ತ ಬೆರಳು ತೋರಿಸಬಹುದು.

'ಗೊತ್ತಿತ್ತು' ಎಂದರೇನು? ಧರ್ಮಗುರುವೊಬ್ಬರ ಮೇಲಿನ ಕೇರಳದ ಪ್ರಕರಣದಲ್ಲಿ ಹುಡುಗಿಗೆ ಹೆರಿಗೆಯಾದ ಆಸ್ಪತ್ರೆಯವರ ಮೇಲೂ ಕೇಸು ಬಿದ್ದಿತ್ತು. ತನಿಖೆ ಮಾಡಿ ತಿಳಿದುಕೊಳ್ಳುವ ಹೊಣೆ ಯಾರ ಮೇಲೂ ಇಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮಹಾರಾಷ್ಟ್ರದ ಹಾಸ್ಟೆಲ್ ಪ್ರಕರಣದಲ್ಲಿ, 2022ರ ನವೆಂಬರ್‌ನಲ್ಲಿ, ಅದೇ ಕೋರ್ಟ್ ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಎರಡನ್ನೂ ಒಟ್ಟಿಗೆ ಓದಿದರೆ ಅರ್ಥ ಇಷ್ಟೇ: ಹುಡುಕಿಕೊಂಡು ಹೋಗಬೇಕಿಲ್ಲ, ಕಿವಿಗೆ ಬಿದ್ದದ್ದನ್ನು ನುಂಗುವಂತಿಲ್ಲ.

ಎಡವಟ್ಟು ಆಗುವುದು ಬಹುಪಾಲು 'ಮೊದಲು ನಾವೇ ವಿಚಾರಿಸೋಣ' ಎಂಬಲ್ಲಿ. ಆಡಳಿತ ಮಂಡಳಿ ಸಭೆ ಸೇರುತ್ತದೆ, ಹೆತ್ತವರನ್ನು ಕರೆಸಿ ರಾಜಿ ಮಾತಾಡುತ್ತದೆ, ಮಗುವಿನ ಕೈಗೆ ಟಿಸಿ ಬರುತ್ತದೆ. ಅಷ್ಟರಲ್ಲಿ ಬಟ್ಟೆ ಒಗೆದಾಗಿರುತ್ತದೆ, ಸಿಸಿಟಿವಿಯ ಹಳೆಯ ದೃಶ್ಯ ಅಳಿಸಿಹೋಗಿರುತ್ತದೆ. ದೇಹದಿಂದ ಸಾಕ್ಷ್ಯ ಸಂಗ್ರಹಿಸಲು ಆರೋಗ್ಯ ಇಲಾಖೆಯ ಮಾರ್ಗಸೂಚಿ ಹೇಳುವ ಅವಧಿ 96 ಗಂಟೆ. ಕಡೆಗೆ 'ದೂರು ಕೊಡಲು ಇಷ್ಟು ತಡವೇಕೆ?' ಎಂಬ ಪಾಟೀಸವಾಲು ಎದುರಿಸುವುದು ಮಗು. ತಿಳಿಸಲು ಇಂತಿಷ್ಟೇ ಗಂಟೆ ಎಂದು 19(1) ಹೇಳದಿರುವುದು ಈ ಕಾಲಹರಣಕ್ಕೆ ಅನುಕೂಲವೇ ಆಗಿದೆ. 24 ಗಂಟೆಯ ಗಡುವು ಇರುವುದು ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಒಪ್ಪಿಸಲು.

ಮಾಡಬೇಕಾದ ಕೆಲಸ ಸಣ್ಣದು. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ, ವೇಳೆ ಸಮೇತ ಒಮ್ಮೆ ಬರೆದುಕೊಳ್ಳಬೇಕು. ಮತ್ತೆ ಮತ್ತೆ ಕೆದಕಬಾರದು. ಠಾಣೆಗೆ ಹೋಗಿ ದೂರು ಬರೆಸಿ, ಓದಿಸಿ ಕೇಳಿ, ನಮೂದಿನ ಸಂಖ್ಯೆ ಪಡೆಯಬೇಕು. ಠಾಣೆ ದೂರವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಮಗುವಿನ ಹೆಸರು, ಊರು ಭಕ್ತರ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು.

ಮಕ್ಕಳೊಡನೆ ನಿತ್ಯ ಒಡನಾಟವಿರುವ ಎಲ್ಲ ಸಂಸ್ಥೆಗಳೂ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರಿಂದ ಆಗಾಗ ಪರಿಶೀಲಿಸಬೇಕು, ಮಕ್ಕಳ ರಕ್ಷಣಾ ನೀತಿ ಅಳವಡಿಸಿಕೊಳ್ಳಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳಿವೆ. ಆ ನೀತಿಯಲ್ಲಿ ಒಂದು ಸಾಲು ಇದೆಯೇ ಎಂದು ನೋಡಿದರೆ ಸಾಕು: ಮುಖ್ಯಸ್ಥರ ಮೇಲೆಯೇ ದೂರು ಬಂದರೆ ಠಾಣೆಗೆ ಹೋಗುವವರು ಯಾರು?