ಐದು ಲಕ್ಷದಲ್ಲಿ ಉಳಿದ ಹಣ ಎಲ್ಲಿಗೆ ಹೋಯಿತು?

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್. ತಂದೆಯ ಹೃದಯದ ಆಪರೇಷನ್ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆಯಿತು. ನಮ್ಮ ಐದು ಲಕ್ಷದಲ್ಲಿ ಆಸ್ಪತ್ರೆ ಎಷ್ಟು ಮುರಿದುಕೊಂಡಿದೆ? ಉಳಿದದ್ದು ನಮಗೆ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ, ಏಕೆಂದರೆ ಅಂಥ ಹಣವೇ ಇಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಳಿಯುತ್ತಿಲ್ಲ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ನಿಮ್ಮ ಹೆಸರಲ್ಲಿ ಯಾರೂ 5 ಲಕ್ಷ ಇಟ್ಟಿಲ್ಲ. ಇಡೀ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ ಸರ್ಕಾರ ಕೊಡಬಹುದಾದ ಗರಿಷ್ಠ ಮೊತ್ತ ಅದು.

ನಿಜವಾಗಿ ನಡೆಯುವುದು ಹೀಗೆ. ಪ್ರತಿ ಚಿಕಿತ್ಸೆಗೂ ಒಂದು ಪ್ಯಾಕೇಜ್ ದರ ಮೊದಲೇ ನಿಗದಿಯಾಗಿರುತ್ತದೆ. ಆಸ್ಪತ್ರೆ ರಿಪೋರ್ಟುಗಳ ಜೊತೆ, ಈ ಯೋಜನೆ ನಡೆಸುವ ಸರ್ಕಾರಿ ಸಂಸ್ಥೆಯಾದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಪೂರ್ವಾನುಮತಿ ಕೇಳುತ್ತದೆ, ಡಿಸ್ಚಾರ್ಜ್ ಆದ ಮೇಲೆ ಬಿಲ್ ಕಳಿಸುತ್ತದೆ, ಟ್ರಸ್ಟ್ ಆ ದರವನ್ನು ಆಸ್ಪತ್ರೆಗೇ ಕೊಡುತ್ತದೆ. ಖರ್ಚು ದರಕ್ಕಿಂತ ಹೆಚ್ಚಾದರೆ ಹೊರೆ ಆಸ್ಪತ್ರೆಯದು, ಕಡಿಮೆಯಾದರೆ ಉಳಿತಾಯವೂ ಅದರದೇ. ಬೆಡ್, ವೈದ್ಯರ ಶುಲ್ಕ, ಔಷಧಿ, ಪರೀಕ್ಷೆ, ಊಟ ಎಲ್ಲವೂ ಆ ದರದೊಳಗೇ ಸೇರಿವೆ.

ತಪ್ಪು ನಂಬಿಕೆಯಿಂದ ಆಗುವ ನಷ್ಟ ಇಲ್ಲೇ. ‘ಕಾರ್ಡಿನ ದುಡ್ಡು ಸಾಲಲಿಲ್ಲ, ಮೇಲಿನದ್ದು ಕಟ್ಟಿ’ ಎಂದು ಆಸ್ಪತ್ರೆಯವರು ಹೇಳಿದಾಗ ಮನೆಯವರು ನಂಬಿ ಒಡವೆ ಅಡವಿಡುತ್ತಾರೆ. ದಯವಿಟ್ಟು ಕಟ್ಟುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ರೋಗಿಗಳ ನೆರವಿಗಿರುವ ಆರೋಗ್ಯಮಿತ್ರರನ್ನು ಹುಡುಕಿ, ಅನುಮತಿಯಾದ ಪ್ಯಾಕೇಜ್ ಯಾವುದು, ಕುಟುಂಬದ ವಾರ್ಷಿಕ ಮಿತಿ ಎಷ್ಟು ಉಳಿದಿದೆ ಎಂದು ಕೇಳಿ. ಕೊಡಲೇಬೇಕಾಗಿ ಬಂದರೆ ರಸೀದಿ ಬಿಡಬೇಡಿ, ರಸೀದಿ ಇಲ್ಲದ ದೂರು ನಿಲ್ಲುವುದು ಕಷ್ಟ. ಮತ್ತೊಂದು ಮಾತು: ಯೋಜನೆಯ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲದ ಚಿಕಿತ್ಸೆಯನ್ನು ಖಾಸಗಿಯಲ್ಲಿ ಪಡೆಯಲು ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರವಾಗಿ ಖಾಸಗಿಗೆ ಹೋಗಿ ನಗದು ಕಟ್ಟಿ ಆಮೇಲೆ ಬಿಲ್ ತಂದರೆ ವಾಪಸ್ ಬರುವುದಿಲ್ಲ.

ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ನ್ನು ಮಾತ್ರ ಸರ್ಕಾರ ಕೊಡುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ದರ 1 ಲಕ್ಷವಿದ್ದರೆ ಅವರ ಪಾಲು 70,000. ಅದು ಪ್ಯಾಕೇಜ್ ದರದ ಲೆಕ್ಕ, ಆಸ್ಪತ್ರೆಯ ಸ್ವಂತ ದರಪಟ್ಟಿಯದಲ್ಲ.

ಇಷ್ಟಾದ ಮೇಲೆ ನೀವು ಕೇಳದ ಒಂದು ವಿಷಯ. ಇಲ್ಲಿ ವಿಮಾ ಕಂಪನಿಯೇ ಇಲ್ಲ. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ, ಬಿಪಿಎಲ್ ಕುಟುಂಬಗಳ ಹಿಂದಿನ ಯೋಜನೆ ವಾಜಪೇಯಿ ಆರೋಗ್ಯಶ್ರೀ ಕಾಲದಿಂದಲೂ ಟ್ರಸ್ಟ್ ನೇರವಾಗಿ ಹಣ ಕೊಡುತ್ತಿದೆ. ಕಂಪನಿಯ ಲಾಭಕ್ಕೆ ಹೋಗಬಹುದಾಗಿದ್ದ ಪ್ರೀಮಿಯಂ ಉಳಿಯುತ್ತದೆ, ಇದು ಒಳ್ಳೆಯ ಆಯ್ಕೆಯೆಂದೇ ನನ್ನ ಅಭಿಪ್ರಾಯ. ಆದರೆ ಚಿಕಿತ್ಸೆ ಹೆಚ್ಚಿದಷ್ಟೂ ಹೊರೆ ಬಜೆಟ್ ಮೇಲೇ ಬೀಳುತ್ತದೆ. ಬಿಲ್ ಪಾವತಿ ತಡವಾದರೆ, ದರ ವರ್ಷಗಟ್ಟಲೆ ಪರಿಷ್ಕರಣೆಯಾಗದಿದ್ದರೆ, ಆಸ್ಪತ್ರೆಗಳು ನಷ್ಟದ ಪ್ಯಾಕೇಜ್‌ಗಳನ್ನು ಸದ್ದಿಲ್ಲದೆ ಕೈಬಿಡುತ್ತವೆ. ಮಿತಿಯನ್ನು ಐದರಿಂದ ಹತ್ತು ಲಕ್ಷಕ್ಕೆ ಏರಿಸಿದರೂ ಹಾಗೆ ಕೈಬಿಟ್ಟ ಚಿಕಿತ್ಸೆ ಬೇಕಾದ ರೋಗಿಗೆ ಬೆಡ್ ಸಿಗುವುದಿಲ್ಲ.