ವಯಸ್ಸಾದವರ ಎಎಸ್‌ಡಿ: ಮುಚ್ಚುವ ಮೊದಲು ಬಲೂನ್ ಯಾಕೆ?

ನಾಳಿದ್ದು ವೈವಾ. ಎಎಸ್‌ಡಿ ಅಂದರೆ ಹೃದಯದ ಮೇಲಿನ ಎರಡು ಕೋಣೆಗಳ (ಏಟ್ರಿಯಂ) ನಡುವಿನ ಗೋಡೆಯ ತೂತು. ಎಲ್ಲರೂ ಅದನ್ನು ಮುಚ್ಚುವ ಡಿವೈಸಿನ ಚಿತ್ರ ಬಿಡಿಸಿ ಬಿಡಿಸಿ ಕಲಿಯುತ್ತಿದ್ದೀರಿ, ಅದು ಸುಲಭದ ಭಾಗ ಕಣ್ರೋ. ಸರ್ ಕೇಳುವುದು ಇದನ್ನು: ಹುಟ್ಟಿನಿಂದ ಇದ್ದ ತೂತು 60 ದಾಟಿದ ಮೇಲೆ ಯಾಕೆ ಕಾಡುತ್ತದೆ?

ಹುಬ್ಬಳ್ಳಿ ಪೋಸ್ಟಿಂಗ್‌ನಲ್ಲಿ ನವಲಗುಂದ ಕಡೆಯ ಒಬ್ಬ ಆಯಿ ಬಂದಿದ್ದರು. "ಮೆಟ್ಟಿಲ ಹತ್ತಿದ್ರ ದಮ್ಮ ಹತ್ತತೈತ್ರಿ" ಅಂದರು. ವರ್ಷಗಟ್ಟಲೆ ಅಸ್ತಮಾ ಅಂತ ಪಂಪು ಎಳೆದಿದ್ದಾರೆ! ಸ್ಟೆತೊ ಇಟ್ಟರೆ ಹೃದಯದ ಎರಡನೇ ಸದ್ದು ಒಡೆದು ಎರಡಾಗಿ ಕೇಳುತ್ತದೆ, ಉಸಿರು ಎಳೆದರೂ ಬಿಟ್ಟರೂ ಆ ಅಂತರ ಬದಲಾಗುವುದಿಲ್ಲ. ನಾಡಿ ಏರುಪೇರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಭಾಗ ಊದಿಕೊಂಡಿದೆ.

ಉತ್ತರ ಎಡ ವೆಂಟ್ರಿಕಲ್‌ನಲ್ಲಿದೆ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯಲ್ಲಿ. ವಯಸ್ಸು, ಬಿಪಿ ಸೇರಿ ಅದರ ಗೋಡೆ ಬಿರುಸಾಗುತ್ತದೆ, ಸರಿಯಾಗಿ ಹಿಗ್ಗುವುದಿಲ್ಲ. ಹಾಗಾಗಿ ಎಡ ಏಟ್ರಿಯಂನ ರಕ್ತ ತೂತಿನಿಂದ ಬಲಕ್ಕೆ ಇನ್ನೂ ಜಾಸ್ತಿ ನುಗ್ಗುತ್ತದೆ. ಬಲಭಾಗಕ್ಕೂ ಶ್ವಾಸಕೋಶಕ್ಕೂ ಭಾರ.

ಈಗ ಮಜಾ ನೋಡಿ. ನಮ್ಮೂರಲ್ಲಿ ನೀರು ಬಿಟ್ಟ ದಿನ ಟ್ಯಾಂಕಿನ ಓವರ್‌ಫ್ಲೋ ಪೈಪಿಗೆ ಬಟ್ಟೆ ತುರುಕಿದರೆ ಏನಾಗುತ್ತದೆ? ಟ್ಯಾಂಕು ತುಂಬಿ ಮೇಲಿಂದ ಸುರಿಯುತ್ತದೆ. ಇಲ್ಲೂ ಅಷ್ಟೇ, ಆ ತೂತೇ ಓವರ್‌ಫ್ಲೋ ಪೈಪು. ಸುಮ್ನೆ ಮುಚ್ಚಿಬಿಟ್ಟರೆ ಒತ್ತಡ ಹಿಂದಕ್ಕೆ ತಿರುಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕೇ ಮೊದಲು ಬಲೂನ್ ಊದಿ ತೂತನ್ನು ಸ್ವಲ್ಪ ಹೊತ್ತು ಅಡ್ಡಗಟ್ಟಿ, ಎಡ ಏಟ್ರಿಯಂ ಒತ್ತಡ ಎಷ್ಟು ಏರುತ್ತದೆ ಅಂತ ನೋಡುವುದು. ಆಯಿಗೆ 11 mmHg ಇದ್ದದ್ದು 23ಕ್ಕೆ ಹೋಯಿತು. ಸರ್ ತಕ್ಷಣ ಬಲೂನ್ ಇಳಿಸಿಬಿಟ್ಟರು.

ಹೊರಗೆ ಸೊಸೆ, "ಹಂಗಾರ ಮುಚ್ಚಲಿಲ್ಲೇನ್ರಿ?" ಅಂತ ಕೇಳಿದರು. ನೀರು ಇಳಿಸುವ ಮಾತ್ರೆ, ಬಿಪಿ ಮಾತ್ರೆ ಕೊಟ್ಟು ಕಳಿಸಿ, ಕೆಲವು ವಾರ ಬಿಟ್ಟು ಮತ್ತೆ ಊದಿ ನೋಡಿದಾಗ ಏರಿದ್ದು ಬರೀ 4. ಆಗ ಮುಚ್ಚಿದರು. ಇಳಿಯದೇ ಇದ್ದರೆ ನಡುವೆ ಸಣ್ಣ ಕಿಂಡಿ ಬಿಟ್ಟ ಡಿವೈಸ್ ಹಾಕುವ ದಾರಿಯೂ ಇದೆ.

ಮುಚ್ಚುವ ಬಗೆ ಬೇಗ ಹೇಳಿಬಿಡುತ್ತೇನೆ. ಸೆಕಂಡಮ್ (ಗೋಡೆಯ ನಡುಭಾಗದ) ತೂತಿಗೆ ಮಾತ್ರ ಇದು, ಅದರ ಸುತ್ತ ಹಿಡಿದುಕೊಳ್ಳಲು ಸಾಕಷ್ಟು ಅಂಚು ಬೇಕು. ಪ್ರೈಮಮ್ (ಗೋಡೆಯ ಕೆಳಭಾಗದ್ದು) ಆದರೆ ಆಪರೇಷನ್ನೇ. ಐಸೆನ್‌ಮೆಂಗರ್ (ಶ್ವಾಸಕೋಶದ ಒತ್ತಡ ವಿಪರೀತ ಏರಿ ರಕ್ತ ಬಲದಿಂದ ಎಡಕ್ಕೆ ತಿರುಗುವ ಸ್ಥಿತಿ) ಆಗಿದ್ದರೆ ಮುಟ್ಟಲೇಬಾರದು. ತೊಡೆಸಂದಿನ ವೇನ್‌ನಿಂದ ಹೋಗಿ, ನಿಟಿನಾಲ್ (ಮಡಚಿದರೂ ಮೊದಲಿನ ಆಕಾರಕ್ಕೆ ಬರುವ ಲೋಹ) ತಂತಿಯ ಡಿವೈಸಿನ ಎಡ ತಟ್ಟೆ ಮೊದಲು ಬಿಚ್ಚಿ, ಗೋಡೆಗೆ ಎಳೆದು ಹಿಡಿದು, ಆಮೇಲೆ ಬಲ ತಟ್ಟೆ. ಡಿವೈಸ್ ತಗುಲಿಸಿದ ಕೇಬಲ್ ಹಿಂದೆ ಮುಂದೆ ಅಲ್ಲಾಡಿಸಿ ಗಟ್ಟಿ ಕೂತಿದೆಯಾ ನೋಡುತ್ತಾರೆ, ಇದಕ್ಕೆ ಮಿನೆಸೋಟಾ ವಿಗಲ್ ಅಂತ ಹೆಸರು (ಇದನ್ನು ಹೇಳಿದರೆ ಸರ್ ಖುಷಿಯಾಗುತ್ತಾರೆ). ಕೇಬಲ್ ತಿರುಪು ಬಿಚ್ಚುವವರೆಗೂ ಡಿವೈಸನ್ನು ವಾಪಸ್ ಎಳೆದುಕೊಳ್ಳಬಹುದು, ಬಿಚ್ಚಿದ ಮೇಲೆ ಅಷ್ಟು ಸಲೀಸಲ್ಲ.

ಆಸ್ಪಿರಿನ್ ಸಾಮಾನ್ಯವಾಗಿ 6 ತಿಂಗಳು, ಅಷ್ಟರಲ್ಲಿ ಡಿವೈಸಿನ ಮೇಲೆ ಒಳಪೊರೆ ಬೆಳೆಯುತ್ತದೆ. ಆದರೆ ಆಯಿಯ ನಾಡಿ ಏರುಪೇರು ಇನ್ನೂ ಇದೆ. ತೂತು ಮುಚ್ಚಿದ ಮಾತ್ರಕ್ಕೆ ಈ ಏಟ್ರಿಯಲ್ ಫಿಬ್ರಿಲೇಷನ್ (ಏಟ್ರಿಯಂ ಲಯ ತಪ್ಪಿ ಅದುರುವುದು) ಹೋಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಮುಂದುವರಿಯಲೇಬೇಕು. ಅಸ್ತಮಾದ ಪಂಪು ಮಾತ್ರ ನಿಂತಿದೆ.